ಸಿಗ್ನಲ್ ಹೋದ ಹೊತ್ತು

ನಡುಗಡಲಿನಿಂದ ದಿನಾ ಸಂಜೆ ಉಪಗ್ರಹದ ನೆಟ್‌ನಲ್ಲಿ ವಿಡಿಯೊ ಕರೆ ಮಾಡಿ ಆ ಮುದುಕಿಯನ್ನು ಮಾತಾಡಿಸದಿದ್ದರೆ ಮೀನು ಬೋಟಿನ ಚಾಲಕನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಆಕೆಯ ಮಗ ಅವನ ಬೋಟಿನಿಂದಲೇ ಬಿದ್ದು ಸತ್ತಿದ್ದ.

"ಅಂಥ ಗಾಳಿಯಲ್ಲಿ ಅವ ಕ್ಯಾಬಿನ್ ಮೇಲೆ ಹತ್ತಿದ್ದು ಯಾಕೆ ಮಗಾ?" ಎಂದು ಆಕೆ ಕೇಳಿದಾಗಲೆಲ್ಲ ಅವನು ಕರೆ ಕತ್ತರಿಸಿಬಿಡುತ್ತಿದ್ದ. ಆಮೇಲೆ ಮತ್ತೆ ಕರೆ ಮಾಡಿ, "ಉಪಗ್ರಹ ಬದಲಾಯ್ತಮ್ಮ. ಒಂದು ಹೋಗಿ ಇನ್ನೊಂದು ಬರುವವರೆಗೆ ಸಿಗ್ನಲ್ ಇರುದಿಲ್ಲ" ಎನ್ನುತ್ತಿದ್ದ. ನಿಜಕ್ಕೂ ಹಾಗಾದಾಗ ಚಿತ್ರವಿಡೀ ಕಲ್ಲಾಗಿ, ಆಕೆಯ ತಲೆ ಮೇಲಿನ ಫ್ಯಾನೂ ನಿಂತುಬಿಡುತ್ತಿತ್ತು.

ಇವತ್ತು ಆಕೆ ಕೇಳಲಿಲ್ಲ. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ನಾನೇ ಹತ್ತಿಸಿದ್ದಮ್ಮ. ಕ್ರಿಕೆಟ್ ನೋಡ್ತಿದ್ದೆ, ನೆಟ್ ಹೋಯ್ತು. ಕ್ಯಾಬಿನ್ ಮೇಲಿನ ಆಂಟೆನಾ ತಿರುಗಿಸು ಅಂತ ಬೈದು ಕಳಿಸಿದೆ. ಸುಮ್ಮನಿದ್ದಿದ್ದರೆ ತಾನಾಗೇ ಬರ್ತಿತ್ತು. ಅವ ಬೀಳುವ ಮೊದಲೇ ನೆಟ್ ಬಂತು."

ಆಕೆ ಅಲುಗಾಡಲಿಲ್ಲ. ರೆಪ್ಪೆ ಕೂಡ ಮಿಟುಕಿಸಲಿಲ್ಲ.

"ಅಮ್ಮಾ, ಕೇಳ್ತದಾ?"

"ಏನೂ ಕೇಳಲಿಲ್ಲ ಮಗಾ," ಎಂದಳು ಆಕೆ ಕೊನೆಗೆ. "ನಿನ್ನ ಉಪಗ್ರಹ ಬದಲಾಯ್ತು ಕಾಣ್ತದೆ. ಹೋಗು, ಊಟ ಮಾಡು."

ಆಕೆಯ ತಲೆ ಮೇಲೆ ಫ್ಯಾನು ಅಷ್ಟು ಹೊತ್ತೂ ತಿರುಗುತ್ತಲೇ ಇತ್ತು.