ಭದ್ರತೆ ಮತ್ತು ಉಪ್ಪಿಟ್ಟು

ರಾಷ್ಟ್ರದ ಭದ್ರತೆಯು ಒಂದು ಗಂಭೀರ ಪ್ರಶ್ನೆಯ ಮೇಲೆ ನಿಂತಿತ್ತು: ನಿವೃತ್ತ ಮೇಷ್ಟ್ರ ಮಗಳು, ತನ್ನನ್ನು ನೋಡಿಹೋದ ಹುಡುಗನನ್ನು ಒಪ್ಪುವಳೋ ಇಲ್ಲವೋ?

ಎರಡು ತಿಂಗಳು ಮೇಷ್ಟ್ರ ಫೋನು ಕದ್ದಾಲಿಸಿದ ಇನ್ಸ್‌ಪೆಕ್ಟರ್, ಅದಕ್ಕೆ ಆದೇಶ ಕೊಟ್ಟಿದ್ದ ಗೃಹ ಇಲಾಖೆಯ ಕಾರ್ಯದರ್ಶಿಗಳ ಮುಂದೆ ನಿಂತ.

“ದೇಶಕ್ಕೇನೂ ಅಪಾಯ ಇಲ್ಲ ಸಾರ್, ಬರೀ ಮದುವೆ ಮಾತು. ಆದೇಶದ ಅವಧೀನೂ ಇವತ್ತಿಗೆ ಮುಗೀತು. ಕಾನೂನು ಪ್ರಕಾರ ನಿಲ್ಲಿಸ್ಬೇಕು.”

“ಅದಿರ್ಲಿ, ಹುಡುಗಿ ಏನಂತಾಳೆ?”

“ಹುಡುಗ ಪರವಾಗಿಲ್ವಂತೆ ಸಾರ್. ಅವನಪ್ಪ ಇದಾನಲ್ಲ, ಆ ಮುದುಕಂದೇ ಕಷ್ಟವಂತೆ. ಇವರ ಮನೆ ಉಪ್ಪಿಟ್ಟು ತಿನ್ಕೊಂಡು, ಇವರನ್ನೇ ಕಳ್ಳರನ್ನ ಕೇಳ್ದಂಗೆ ಕೇಳಿದ್ನಂತೆ. ಯೋಚಿಸಿ ಹೇಳ್ತಾಳಂತೆ.”

ಕಾರ್ಯದರ್ಶಿಗಳ ಮುಖ ಸಣ್ಣಗಾಯಿತು.

“ಎರಡೇ ಎರಡು ಪ್ರಶ್ನೆ ಕಣ್ರೀ ನಾನು ಕೇಳಿದ್ದು!”

ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ಆದೇಶವನ್ನು ಇನ್ನೆರಡು ತಿಂಗಳು ವಿಸ್ತರಿಸಲಾಯಿತು.