ಕೆಂಪು ಬಟ್ಟೆ ಕಟ್ಟಿದ ಡಬ್ಬ

ಪೆಟ್ರೋಲ್ ಬಂಕಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ.

ಆಗ ಸುದ್ದಗುಂಟೆಪಾಳ್ಯದಲ್ಲಿ ನಮ್ಮ ತೋಟವಿತ್ತು. ಅಲ್ಲಿನ ಪಂಪು ಶುರುವಾಗಲು ಪೆಟ್ರೋಲ್, ಆಮೇಲೆ ಓಡಲು ಸೀಮೆಎಣ್ಣೆ ಬೇಕಿತ್ತು. ಅಜ್ಜಿ ತನ್ನ ಹಳೇ ಕೆಂಪು ಸೀರೆ ಹರಿದು ಪೆಟ್ರೋಲ್ ಡಬ್ಬದ ಕತ್ತಿಗೆ ಅಪಾಯದ ಗುರುತಾಗಿ ಕಟ್ಟಿ, ಸೀಮೆಎಣ್ಣೆ ಜೊತೆ ಅದಲುಬದಲಾಗದಂತೆ ಕೊಟ್ಟಿಗೆಯಲ್ಲಿಡುತ್ತಿದ್ದಳು.

ಆ ಮಧ್ಯಾಹ್ನ ಅಮ್ಮ ಸ್ಟೌಗೆ ಸುರಿಯಲು ಅಡುಗೆಮನೆಯ ಸೀಮೆಎಣ್ಣೆ ಡಬ್ಬ ಎತ್ತಿದಳು.

"ಅದು ಬೇಡ ಅತ್ತಿಗೆ," ಅಂದ ಬಾಗಿಲಲ್ಲಿದ್ದ ಚಿಕ್ಕಪ್ಪ.

"ಯಾಕೋ ಬೇಡ?" ಅಂತ ಅಜ್ಜಿ ಅವನ ಮುಖವನ್ನೇ ನೋಡಿದಳು.

ಅಜ್ಜಿ ಆ ಡಬ್ಬದಿಂದ ಒಂದು ತೊಟ್ಟು ನನ್ನ ಅಂಗೈಗೆ ಬಿಟ್ಟಳು. ಸೀಮೆಎಣ್ಣೆಯಾಗಿದ್ದರೆ ಜಿಡ್ಡು ಉಳಿಯಬೇಕಿತ್ತು. ಇದು ತಣ್ಣಗೆ ಕೊರೆದು ಆರಿಹೋಯಿತು, ಪೆಟ್ರೋಲ್.

"ಗೆಳೆಯನ ಮೋಟಾರ್‌ಸೈಕಲ್ಲಿಗೆ ಅಂತ ತೆಗೆದಿಟ್ಟಿದ್ದೆ ಕಣಮ್ಮ. ಸಂಜೆ ತಗೊಂಡು ಹೋಗ್ತಿದ್ದೆ," ಅಂದ ಚಿಕ್ಕಪ್ಪ.

ಅಜ್ಜಿ ಬೈಯಲಿಲ್ಲ. ಆ ಕೆಂಪು ಸೀರೆಯಿಂದ ಇನ್ನೊಂದು ತುಂಡು ಹರಿದು ಅವನ ಮಣಿಕಟ್ಟಿಗೆ ಬಿಗಿಯಾಗಿ ಕಟ್ಟಿದಳು.