ಕೀಳದೆ ಬಿಟ್ಟ ಹಾಳೆ

“ಓವರ್‌ಕ್ಲಾಕ್ ಮಾಡಿ ಮಿತಿಮೀರಿದ ಸ್ಪೀಡಲ್ಲಿ ಓಡಿಸಿದ್ರೂ ತಡ್ಕೊಳ್ಳೋ ಅಂಥ ಹೊಸ ಪ್ರೊಸೆಸರ್ ಹಾಕಿಕೊಡಿ ಸರ್. ಇದು ಬರೀ ಬಿಸಿಯಾಗುತ್ತೆ,” ಎಂದಳು ಮದುವೆ ವಿಡಿಯೊ ಎಡಿಟ್ ಮಾಡುವ ಹೆಂಗಸು.

“ಇದೇ ಕುದುರೆ ಥರ ಓಡ್ಬೇಕು ಮೇಡಂ. ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ,” ಎನ್ನುತ್ತಾ ರಿಪೇರಿಯ ಉಮಾಪತಿ ಕಂಪ್ಯೂಟರ್ ಬಿಚ್ಚಿ, ಪ್ರೊಸೆಸರ್ ಮೇಲಿನ ಕೂಲರ್ ಎತ್ತಿದ. ಕೂರಿಸುವ ಮೊದಲೇ ಕಿತ್ತೆಸೆಯಬೇಕಾದ ಪ್ಲಾಸ್ಟಿಕ್ ಹಾಳೆ ಕೂಲರಿನ ತಳದಲ್ಲಿ ಹಾಗೇ ಬೆಂದು ಅಂಟಿಕೊಂಡಿತ್ತು. ಬಿಸಿ ಹೊರಹೋಗಲು ದಾರಿಯೇ ಇರಲಿಲ್ಲ.

“ಥೂ, ಇಂಥವರ ಕೈಗೆ ಸ್ಕ್ರೂಡ್ರೈವರ್ ಯಾರು ಕೊಡ್ತಾರೋ. ಇದನ್ನ ಕೂರಿಸಿದ್ದು ಯಾರು ಮೇಡಂ?”

“ನಾನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು ಸರ್. ಯಾಕೆ, ಏನಾಗಿದೆ?”

ಉಮಾಪತಿ ಒಳಗೆ ಅಂಟಿಸಿದ್ದ ವಾರಂಟಿ ಚೀಟಿಯ ಧೂಳು ಒರೆಸಿದ. ಅದರ ಮೇಲಿದ್ದದ್ದು ಅವನದೇ ರುಜು.

“ಏನಿಲ್ಲ ಮೇಡಂ,” ಎಂದ, ಹಾಳೆಯನ್ನು ಮುಷ್ಟಿಯಲ್ಲಿ ಮುದುರಿಕೊಂಡು. “ನೀವು ಹೇಳಿದ ಹಾಗೆ ಹೊಸ ಪ್ರೊಸೆಸರ್ರೇ ಹಾಕ್ಸಿಬಿಡಿ.”